ಮೀಟರಿನ ಕೆಂಪು ದೀಪ ಎಣಿಸಿ ಬಿಸಿನೀರಿನ ಖರ್ಚು ಇಳಿಸಿದೆ

ಒಂದು ಚಳಿಗಾಲದ ಮೊದಲ ಬಿಲ್ಲಿನಲ್ಲಿ ದಿನಕ್ಕೆ ಸರಾಸರಿ 21 ಯೂನಿಟ್ ಬಂದಿತ್ತು. ನಮ್ಮದು ಮೂಲೆಯ ಫ್ಲಾಟ್, ಎರಡು ಕಡೆ ಹೊರಗೋಡೆ. ಮನೆಯಲ್ಲಿ ನಾನು, ಅಮ್ಮ, ಮಗಳು ಮೂರೇ ಜನ. ಬಿಸಿನೀರು, ಕೋಣೆಯ ಬಿಸಿ ಎಲ್ಲ ಕರೆಂಟಿನಿಂದಲೇ. ಸೋಲಾರ್ ಹಾಕಿಸೋಣ ಅಂದರೆ ತಾರಸಿ ನಮ್ಮೊಬ್ಬರದಲ್ಲ. ರೂಮ್ ಹೀಟರಿನಿಂದಲೇ ಇಷ್ಟೊಂದು ಆಗ್ತಿದೆ ಅಂದುಕೊಂಡು "ಒಂದು ಗಂಟೆ ಕಡಿಮೆ ಹಾಕು ಅಮ್ಮಾ" ಅಂದೆ. ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು ಕೂತಳು. ಮುಂದಿನ ಬಿಲ್ ಅಷ್ಟೇನೂ ಇಳಿಯಲಿಲ್ಲ. ಅಳೆದು ನೋಡದೆ ಅಮ್ಮನನ್ನು ಚಳಿಯಲ್ಲಿ ಕೂರಿಸಿದೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ದಾರಿ ತೋರಿಸಿದ್ದು ಮಗಳು. ಒಂದು ರಾತ್ರಿ ಎಲ್ಲ ಆರಿಸಿ ಮಲಗೋಕೆ ಹೊರಟಿದ್ದೆವು. ಬಾಗಿಲ ಹತ್ತಿರದ ಮೀಟರ್ ನೋಡಿ "ಅಮ್ಮಾ, ಎಲ್ಲ ಆಫ್ ಮಾಡಿದ್ದೀವಲ್ಲ, ಆ ಕೆಂಪು ದೀಪ ಯಾಕಿಷ್ಟು ಬೇಗ ಬೇಗ ಮಿಣುಕ್ತಾ ಇದೆ?" ಅಂದಳು. ನಿಜ, ಕಣ್ಣು ಹೊಡೆದ ಹಾಗೆ ಮಿಣುಕುತ್ತಿತ್ತು. ನಮ್ಮ ಮೀಟರಿನ ಮೇಲೆ ಒಂದು ಯೂನಿಟ್‌ಗೆ 3200 ಮಿಣುಕು ಅಂತ ಬರೆದಿದೆ. ಕೆಲವು ಮೀಟರಿನಲ್ಲಿ ಈ ಅಂಕಿ ಬೇರೆ ಇರುತ್ತದೆ, ನಿಮ್ಮದನ್ನು ಓದಿಕೊಳ್ಳಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು ಎಣಿಸಿದೆ. 107 ಆಯಿತು. ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 6400. ಗಂಟೆಗೆ ಎರಡು ಯೂನಿಟ್, ಅಂದರೆ 2000 ವ್ಯಾಟ್! ಮನೆಯಲ್ಲಿ ಅಷ್ಟು ಎಳೆಯೋದು ಎರಡೇ, ರೂಮ್ ಹೀಟರ್ ಮತ್ತು ಗೀಸರ್. ಹೀಟರಿನ ಪ್ಲಗ್ ಕಿತ್ತಿಟ್ಟಿತ್ತು.

ನಾಲ್ಕೈದು ನಿಮಿಷಕ್ಕೆ ಮಿಣುಕು ನಿಧಾನವಾಯಿತು. ನೀರು ಕಾದ ಮೇಲೆ ಕರೆಂಟು ತಾನೇ ಆರಿಸುವ ಗೀಸರಿನ ಥರ್ಮೋಸ್ಟ್ಯಾಟ್ ಕಟ್ ಆಗಿತ್ತು. ಎರಡು ತಾಸು ಕಳೆಯೋಕೆ ಮುಂಚೆಯೇ ಮತ್ತೆ ಶುರು. ಯಾರೂ ಒಂದು ಚೊಂಬು ನೀರು ಕೂಡ ಬಳಸಿರಲಿಲ್ಲ. ಮರುದಿನ ರಾತ್ರಿ ಗೀಸರ್ ಒಂದನ್ನು ಬಿಟ್ಟು ಮೀಟರ್ ಬೋರ್ಡಿನ ಉಳಿದೆಲ್ಲ ಎಂಸಿಬಿ ಸ್ವಿಚ್ಚು ಇಳಿಸಿ, ಬೆಳಿಗ್ಗೆ ರೀಡಿಂಗ್ ನೋಡಿದೆ. ಎಂಟು ಗಂಟೆಯಲ್ಲಿ 0.7 ಯೂನಿಟ್. ದಿನಕ್ಕೆ ಎರಡು ಯೂನಿಟ್ ಅಂತಾಯಿತು. 25 ಲೀಟರಿನ ಗೀಸರ್ ಸುಮ್ನೆ ಬಿಸಿಯಾಗಿ ನಿಲ್ಲೋಕೆ ಇದು ಜಾಸ್ತಿಯೇ.

ಅರ್ಧ ಕಾರಣ ಬಚ್ಚಲಿನ ನಲ್ಲಿಯಲ್ಲಿತ್ತು. ಬಿಸಿ, ತಣ್ಣೀರು ಎರಡಕ್ಕೂ ಒಂದೇ ಮೂತಿ ಇರುವ ನಲ್ಲಿ ಅದು. ಎಷ್ಟೋ ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಹನಿಗೆ ಬೆರಳು ಒಡ್ಡಿದರೆ ತಣ್ಣಗೆ. ಹಾಗಾಗಿ ತಣ್ಣೀರಿನ ಕಡೆಯದು ಅಂತ ಸುಮ್ಮನಿದ್ದೆ. ಆಮೇಲೆ ಹೊಳೆಯಿತು, ಹನಿ ಹನಿಯಾಗಿ ಬರುವ ನೀರು ಪೈಪಿನಲ್ಲೇ ತಣ್ಣಗಾಗಿ ಬರುತ್ತದೆ ಅಲ್ವಾ? ಗೀಸರಿಗೆ ನೀರು ಹೋಗುವ ಕಾಕ್ ತಿರುಗಿಸಿ ಮುಚ್ಚಿದೆ. ಹನಿ ನಿಂತಿತು. ತೆರೆದೆ, ಮತ್ತೆ ಶುರುವಾಯಿತು. ಬಿಸಿನೀರಿನ ಕಡೆಯದೇ. ಕೆಳಗೆ ಲೀಟರಿನ ಅಳತೆ ಪಾತ್ರೆ ಇಟ್ಟೆ, ಒಂದು ಗಂಟೆಗೆ ತುಂಬಿತು. ದಿನಕ್ಕೆ 24 ಲೀಟರ್.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಒಂದು ಯೂನಿಟ್ ಕರೆಂಟು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಿಸಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ನಮ್ಮ ತಣ್ಣೀರು 20 ಡಿಗ್ರಿ ಇತ್ತು, ಗೀಸರ್ 60ಕ್ಕೆ ಇಟ್ಟಿತ್ತು. 24 ಲೀಟರನ್ನು 40 ಡಿಗ್ರಿ ಏರಿಸೋಕೆ 1.1 ಯೂನಿಟ್. ತಿಂಗಳಿಗೆ 33 ಯೂನಿಟ್ ಬಚ್ಚಲಿನ ಮೋರಿಗೆ ಹೋಗುತ್ತಿತ್ತು! ಒಂದು ವಾಷರ್ ಬದಲಾಯಿಸಿದೆ, ಅಷ್ಟೇ. ರಾತ್ರಿಯ ಎಂಟು ಗಂಟೆಯ ರೀಡಿಂಗ್ 0.3ಕ್ಕೆ ಬಂತು.

ಉಳಿದ ಆ 0.3 ಗೀಸರಿನ ಮೈಯಿಂದ ಸೋರುವ ಬಿಸಿ. ಇದರ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. "ಪದೇ ಪದೇ ತಣ್ಣಗಿನಿಂದ ಕಾಯಿಸಿದರೆ ಜಾಸ್ತಿ ಎಳೆಯುತ್ತೆ, ಆನ್ ಇರಲಿ ಬಿಡು" ಅಂತ ಅಮ್ಮ. ಬಹಳ ಜನ ಹೀಗೇ ಹೇಳುತ್ತಾರೆ. ಆದರೆ ನೀರು ಎಷ್ಟು ಬಿಸಿಯಾಗಿ ಎಷ್ಟು ಹೊತ್ತು ನಿಂತಿರುತ್ತದೋ ಅಷ್ಟು ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ. ಆರಿಸಿದ ಮೇಲೆ ನೀರು ತಣಿಯುತ್ತಾ ಬಂದ ಹಾಗೆ ಸೋರಿಕೆಯೂ ಕಮ್ಮಿಯಾಗುತ್ತದೆ. ಮತ್ತೆ ಕಾಯಿಸುವಾಗ ತುಂಬಬೇಕಾದ್ದು ಕಳೆದುಕೊಂಡಷ್ಟನ್ನು ಮಾತ್ರ. ಹಾಗಾಗಿ ಆರಿಸಿದರೆ ಉಳಿತಾಯ ಖಂಡಿತ ಇದೆ, ಭಾರೀ ಏನಲ್ಲ. ಬೆಳಿಗ್ಗೆ ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಆನ್ ಆಗುವ ಹಾಗೆ ಟೈಮರ್ ಹಾಕಿಸಿದೆ. 2000 ವ್ಯಾಟಿನ ಗೀಸರಿಗೆ 25 ಲೀಟರ್ ಕಾಯಿಸೋಕೆ 35 ನಿಮಿಷ ಸಾಕು. ಟೈಮರ್ ಅಷ್ಟು ಕರೆಂಟು ತಡೆಯುವಂಥದ್ದೇ ಆಗಿರಬೇಕು. ಸಣ್ಣ ಪ್ಲಗ್ ಟೈಮರ್ ಹಾಕಿದರೆ ಸುಟ್ಟುಹೋಗಬಹುದು. ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಗೀಸರಿನ ಉಷ್ಣತೆಯನ್ನು 45ಕ್ಕೆ ಇಳಿಸಿದರೆ ಇನ್ನೂ ಉಳಿಯುತ್ತೆ ಅಂತ ನನಗೂ ಆಸೆಯಾಗಿತ್ತು. ಆದರೆ ಲೆಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಷವರಿನ ತುಂತುರಿನ ಜೊತೆ ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಬಹುದು. 60ರಲ್ಲಿ ಅದು ಸಾಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ನಾನು 60ರಲ್ಲೇ ಬಿಟ್ಟೆ. ಈ ಅಳತೆಗಳಿಗೆಲ್ಲ ಮುಂಚೆ ಅದು 75ರಲ್ಲಿತ್ತು. ಅಷ್ಟು ಬೇಕಿಲ್ಲ, ಗಡಸು ನೀರಾದರೆ ನೀರು ಕಾಯಿಸುವ ಕಾಯಿಲ್ ಮೇಲೆ ಬೇಗ ಸುಣ್ಣ ಕಟ್ಟುತ್ತದೆ. ಸುಣ್ಣ ಕಟ್ಟಿದರೆ ಬಿಲ್ ಜಾಸ್ತಿ ಬರುತ್ತೆ ಅನ್ನೋದು ಮಾತ್ರ ಅಷ್ಟು ಸರಿಯಲ್ಲ. ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ, ಬಿಸಿ ಕೊನೆಗೆ ನೀರಿಗೇ ಹೋಗಬೇಕು. ಬಿಸಿ ಹೊರಗೆ ಬರೋಕೆ ತಡವಾಗಿ ಕಾಯಿಲ್ ಸುಟ್ಟುಹೋಗೋದೇ ನಿಜವಾದ ನಷ್ಟ.

ಎಲ್ಲಕ್ಕಿಂತ ಜಾಸ್ತಿ ಉಳಿಸಿದ್ದು ಷವರ್. ಬಕೆಟ್ ಇಟ್ಟು ಒಂದು ನಿಮಿಷ ಬಿಟ್ಟೆ, 12 ಲೀಟರ್ ತುಂಬಿತು. ಒಬ್ಬರು ಎಂಟು ನಿಮಿಷ ನಿಂತರೆ 96 ಲೀಟರ್. ಮೈಗೆ ಬೀಳೋದು 40 ಡಿಗ್ರಿ, ಅಂದರೆ 20 ಡಿಗ್ರಿ ಏರಿಸಬೇಕು. ಲೆಕ್ಕ ಹಾಕಿದರೆ ಒಬ್ಬರ ಸ್ನಾನಕ್ಕೆ 2.2 ಯೂನಿಟ್, ಮೂರು ಜನಕ್ಕೆ ಆರೂವರೆ! ನಿಮಿಷಕ್ಕೆ 7 ಲೀಟರ್ ಬಿಡುವ ಷವರ್ ತಲೆ ತಂದು ನಾನೇ ಹಾಕಿದೆ. ಪೈಪಿನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿ ತಿರುಗಿಸಿದರೆ ಆಯಿತು. ಎರಡು ದಿನ ಅಮ್ಮನಿಗೆ ಇಷ್ಟವಾಗಲಿಲ್ಲ. ರಂಧ್ರ ಸಣ್ಣದಾಗಿ, ನೀರು ರಭಸವಾಗಿ ಬರುವ ಇನ್ನೊಂದನ್ನು ಹಾಕಿದ ಮೇಲೆ ಒಪ್ಪಿಕೊಂಡಳು. ಸೋಪು ಹಚ್ಚುವಾಗ ನಿಲ್ಲಿಸುವ ಅಭ್ಯಾಸವೂ ಸೇರಿ ಈಗ ಒಬ್ಬರಿಗೆ ಒಂದು ಯೂನಿಟ್ ಆಸುಪಾಸು.

ಅಡುಗೆಮನೆಯಲ್ಲಿ ಕೈ ತೊಳೆಯೋಕೆ ಬಿಸಿನೀರಿನ ನಲ್ಲಿ ತಿರುಗಿಸೋದನ್ನು ನಿಲ್ಲಿಸಿದೆವು. ಗೀಸರಿನಿಂದ ಅಲ್ಲಿಗೆ ಸುಮಾರು ಹತ್ತು ಮೀಟರ್ ಪೈಪು, ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಅದರಲ್ಲೇ ನಿಂತಿರುತ್ತದೆ. ಬಿಸಿ ಬರೋಷ್ಟರಲ್ಲಿ ಕೈ ತೊಳೆದು ಆಗಿರುತ್ತದೆ. ಬಿಸಿನೀರು ಪೈಪಿಗೆ ಬಂದು ಅಲ್ಲೇ ತಣ್ಣಗಾಗುತ್ತದೆ.

ಇನ್ನು ಕೋಣೆಯ ಬಿಸಿ. ಆಯಿಲ್ ತುಂಬಿದ ಹೀಟರ್ ಒಳ್ಳೇದಾ, ಫ್ಯಾನ್ ಹೀಟರ್ ಒಳ್ಳೇದಾ ಅಂತ ಬಹಳ ಹುಡುಕಿದ್ದೆ. ಒಂದು ಯೂನಿಟ್ ತಿಂದರೆ ಎರಡೂ ಕೊಡೋದು ಅಷ್ಟೇ ಬಿಸಿ. ಒಂದು ನಿಧಾನಕ್ಕೆ ಕೊಡುತ್ತದೆ, ಇನ್ನೊಂದು ಬೇಗ. ವ್ಯತ್ಯಾಸ ಕಂಡಿದ್ದು ಎಸಿಯಲ್ಲಿ. ನಮ್ಮ ಎಸಿಗೆ ಬಿಸಿಗಾಳಿಯ ಮೋಡ್ ಇದೆ, ಅದು ಕರೆಂಟು ಜಾಸ್ತಿ ತಿನ್ನುತ್ತೆ ಅಂತ ಯಾವತ್ತೂ ಹಾಕಿರಲಿಲ್ಲ. ಅದು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ಒಳಗೆ ತರುತ್ತದೆ, ಹಾಗಾಗಿ ತಿಂದದ್ದಕ್ಕಿಂತ ಜಾಸ್ತಿ ಬಿಸಿ ಕೊಡುತ್ತದೆ. ಎರಡು ಸಂಜೆ ಒಂದೇ ಕೋಣೆಯನ್ನು 20 ಡಿಗ್ರಿಯಲ್ಲಿಟ್ಟು ನೋಡಿದೆ. ಹೀಟರಿಗೆ ಗಂಟೆಗೆ 1.6 ಯೂನಿಟ್, ಎಸಿಗೆ 0.6. ಹೊರಗೆ ತೀರಾ ಚಳಿ ಇದ್ದಾಗ ಈ ಲಾಭ ಕಮ್ಮಿಯಾಗುತ್ತದೆ. ಫಿಲ್ಟರ್ ಮಾತ್ರ ತೊಳೆಯುತ್ತಿರಬೇಕು.

ಬಾಲ್ಕನಿ ಬಾಗಿಲ ಸಂದಿಗೆ ಟಿಶ್ಯೂ ಪೇಪರಿನ ತೆಳ್ಳಗಿನ ಪಟ್ಟಿ ಹಿಡಿದೆ. ಚೌಕಟ್ಟಿನ ಎಡ ಮೂಲೆಯಲ್ಲಿ ಅದು ಬಾವುಟದ ಹಾಗೆ ಹಾರಿತು. ಅಲ್ಲಿ ಫೋಮ್ ಪಟ್ಟಿ, ಬಾಗಿಲ ಬುಡಕ್ಕೆ ರಬ್ಬರ್ ಪಟ್ಟಿ ಅಂಟಿಸಿದೆ. ಬಿಸಿಲಿರುವಾಗ ಪರದೆ ಸರಿಸೋದು, ಹೊತ್ತು ಮುಳುಗುವ ಮುಂಚೆ ದಪ್ಪ ಪರದೆ ಎಳೆಯೋದು ಈಗ ಮಗಳ ಕೆಲಸ. ಅಮ್ಮನ ಹಾಸಿಗೆಗೆ ನೂರು ವ್ಯಾಟಿನೊಳಗಿನ ಬಿಸಿ ಹಾಸು ತಂದೆವು. ಮಲಗುವ ಮುಂಚೆ ಅರ್ಧ ಗಂಟೆ ಹಾಕಿದರೆ ಅವಳಿಗೆ ಸಾಕು.

ಈ ಚಳಿಗಾಲದಲ್ಲಿ ದಿನದ ಸರಾಸರಿ 12 ಯೂನಿಟ್. ಅಮ್ಮ ಸಂಜೆ ಶಾಲಿಲ್ಲದೆ ಕೂರುತ್ತಾಳೆ.

ಒಂದು ಎಚ್ಚರಿಕೆ ಇದೆ. ಎಲ್ಲ ಸಂದು ಮುಚ್ಚಿದ ಮೂರನೇ ವಾರ ಕಪಾಟಿನ ಹಿಂದೆ, ಹೊರಗೋಡೆಯ ಮೇಲೆ ಕಪ್ಪು ಬೂಸ್ಟು ಕಾಣಿಸಿತು. ಉಸಿರು, ಸ್ನಾನ, ಅಡುಗೆಯ ತೇವ ಹೊರಗೆ ಹೋಗೋಕೆ ದಾರಿಯಿಲ್ಲದೆ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂತಿತ್ತು. ಕಪಾಟನ್ನು ನಾಲ್ಕು ಬೆರಳು ಈಚೆಗೆ ಎಳೆದೆವು. ಬೆಳಿಗ್ಗೆ, ಸಂಜೆ ಐದೈದು ನಿಮಿಷ ಎಲ್ಲ ಕಿಟಕಿ ಪೂರ್ತಿ ತೆರೆಯುತ್ತೇವೆ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಹಾಗೇ ಇರುತ್ತದೆ. ಗ್ಯಾಸ್ ಅಥವಾ ಇದ್ದಿಲಿನ ಹೀಟರ್ ಉರಿಸುವ ಮನೆಯಲ್ಲಿ ಮಾತ್ರ ಹೀಗೆ ಸಂದು ಮುಚ್ಚಲೇಬೇಡಿ, ವಿಷಗಾಳಿ ತುಂಬಿ ಪ್ರಾಣ ಹೋಗಬಹುದು.