ಕಾರಿನ ಕಂತು ತಪ್ಪಿದಾಗ ನಾನು ಮಾಡಿದ್ದು

ಪುಣೆಯ ಹಡಪಸರದಲ್ಲಿ ನಮ್ಮ ಮನೆ. ಕಳೆದ ಮಳೆಗಾಲದಲ್ಲಿ ಡೆಂಗ್ಯೂ, ಅದರ ಬೆನ್ನಿಗೇ ಕಾಮಾಲೆ. ಮೂರು ತಿಂಗಳು ಸಂಬಳ ಇಲ್ಲ. ಕಾರಿನ ಕಂತು 14,200 ರೂಪಾಯಿ. ಮೊದಲ ಸಲ ಬೌನ್ಸ್ ಆದಾಗ ಹೆದರಿ ಬ್ಯಾಂಕಿನ ಫೋನ್ ಎತ್ತಲೇ ಇಲ್ಲ. ಅದು ನನ್ನ ದೊಡ್ಡ ತಪ್ಪು.

ಧಾರವಾಡದಿಂದ ಬಂದಿದ್ದ ಅಕ್ಕ, "ಸುಮ್ನೆ ಅಡಗಿ ಕೂತರೆ ಸಾಲ ಹೋಗ್ತದೇನು?" ಎಂದಳು. ಮರುದಿನವೇ ಶಾಖೆಗೆ ಪತ್ರ ಕೊಟ್ಟೆ. ಜೊತೆಗೆ ಡಿಸ್ಚಾರ್ಜ್ ಕಾರ್ಡ್, ಸಂಬಳ ನಿಂತದ್ದಕ್ಕೆ ಕಂಪನಿಯ ಪತ್ರ. ನನ್ನ ಪ್ರತಿಗೆ ಮೊಹರು ಹಾಕಿಸಿಕೊಂಡೆ, ಇದು ಮುಖ್ಯ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅಷ್ಟರೊಳಗೇ ಮಾತಾಡಬೇಕು, ಅಲ್ವಾ?

ಕೇಳಿದ್ದು ಒಂದೇ: ಅವಧಿ ಹೆಚ್ಚಿಸಿ, ಕಂತು ಇಳಿಸಿ. ಮೊದಲು ಆಗಲ್ಲ ಎಂದರು. ಎರಡು ವಾರ ಓಡಾಡಿದ ಮೇಲೆ ಒಪ್ಪಿದರು. ಉಳಿದಿದ್ದ 34 ತಿಂಗಳು 53 ಆಯಿತು, ಕಂತು 9,800ಕ್ಕೆ ಇಳಿಯಿತು. ಒಟ್ಟು 36,600 ರೂಪಾಯಿ ಜಾಸ್ತಿ ಕಟ್ಟಬೇಕು. ಆದರೂ ಕಾರು ಉಳಿಯಿತು. ಸಾಸವಡದ ಕೆಲಸಕ್ಕೆ ನನಗೆ ಅದೇ ಆಧಾರ.

ವಸೂಲಿಯವನೊಬ್ಬ ರಾತ್ರಿ 9ಕ್ಕೆ ಫೋನ್ ಮಾಡುತ್ತಿದ್ದ. ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ಎಂದು ಆರ್‌ಬಿಐ 2022ರಲ್ಲೇ ಹೇಳಿದೆ. ಅದನ್ನೇ ಬರೆದು ಬ್ಯಾಂಕಿಗೆ ದೂರು ಕೊಟ್ಟೆ. ಕರೆ ನಿಂತಿತು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಬಹುದು, ಖರ್ಚಿಲ್ಲ. ನನಗೆ ಅದರ ಅಗತ್ಯ ಬೀಳಲಿಲ್ಲ. ಈ ತಿಂಗಳು ಐದನೇ ಹೊಸ ಕಂತು ಸರಿಯಾಗಿ ಹೋಯಿತು.