ಸುಮ್ಮನೆ ಕೂತ ಇಲಿಗೆ ನೋವು ಕಡಿಮೆಯಾಗಿದೆಯೇ?

ಎಂ.ಫಾರ್ಮ್ ಓದುವಾಗ ನನ್ನ ಪಾಲಿಗೆ ಬಂದ ಕೆಲಸ ಇದು: ಕೆಮಿಸ್ಟ್ರಿ ವಿಭಾಗದ ಗೆಳೆಯರು ತಯಾರಿಸಿದ ಹೊಸ ಪೈರಜೋಲ್ ಸಂಯುಕ್ತಗಳು ನೋವು, ಬಾವು ಇಳಿಸುತ್ತವೆಯೇ ಎಂದು ನೋಡುವುದು. ನೋವು, ಬಾವಿಗೆ ಕೊಡುವ ಮದ್ದು ಸೆಲೆಕಾಕ್ಸಿಬ್‌ನ ಅಣುವಿನಲ್ಲಿ ಇರುವುದೂ ಪೈರಜೋಲ್ ಎಂಬ ಪರಮಾಣುಗಳ ಉಂಗುರವೇ. ಹಾಗಾಗಿ ಆಸೆಗೆ ಕಾರಣವಿತ್ತು.

ಪ್ರಾಣಿ ಮುಟ್ಟುವ ಮೊದಲು ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಬೇಕು. ಎಷ್ಟು ಇಲಿ, ಅಷ್ಟೇ ಯಾಕೆ, ಕೊನೆಗೆ ಅವನ್ನು ಏನು ಮಾಡುತ್ತೀರಿ, ಎಲ್ಲ ಬರೆದುಕೊಡಬೇಕು. ಡೋಸ್ ಗೊತ್ತುಮಾಡಲು ಒಇಸಿಡಿ 423 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಿಷಪರೀಕ್ಷೆ ಮಾಡಿದೆವು. ಪುಡಿ ನೀರಿನಲ್ಲಿ ಕರಗುತ್ತಿರಲಿಲ್ಲ. ಸಿಎಂಸಿ ಎಂಬ ಅಂಟಿನಂಥ ಪುಡಿಯ ದ್ರಾವಣದಲ್ಲಿ ಕಲಸಿ ಬಾಯಿಗೆ ಹಾಕಿದೆವು.

ಬಾವು ಇಳಿಯುತ್ತದೆಯೇ ಎಂದು ನೋಡಲು 1962ರಲ್ಲಿ ವಿಂಟರ್ ಮತ್ತು ಜೊತೆಗಾರರು ಕೊಟ್ಟ ವಿಧಾನವೇ ಇವತ್ತಿಗೂ ಮೊದಲ ಆಯ್ಕೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ನಿನ 1% ದ್ರಾವಣವನ್ನು ಇಲಿಯ ಹಿಂಗಾಲಿನ ಅಂಗಾಲಿಗೆ 0.1 ಮಿ.ಲೀ. ಚುಚ್ಚಿ ಊತ ಬರಿಸುತ್ತೇವೆ. ಆಮೇಲೆ ಗಂಟೆಗೊಮ್ಮೆ ಪ್ಲೆಥಿಸ್ಮೋಮೀಟರ್ ಎಂಬ ಉಪಕರಣದಲ್ಲಿ ಪಾದದ ಗಾತ್ರ ಅಳೆಯುತ್ತೇವೆ. ಮೊದಲ ಗಂಟೆಯ ಊತಕ್ಕೆ ದೇಹವೇ ಬಿಡುವ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಕಾರಣ. ಮೂರನೇ ಗಂಟೆ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್‌ಗಳದ್ದೇ ಕಾರುಬಾರು. ನಾವು ಹೋಲಿಕೆಗೆ ಇಟ್ಟುಕೊಂಡ ನೋವಿನ ಮದ್ದು ಡೈಕ್ಲೋಫೆನಾಕ್ ತಡೆಯುವುದು ಅವು ತಯಾರಾಗುವುದನ್ನೇ. ಅದಕ್ಕೇ ನನ್ನ ಕಣ್ಣೆಲ್ಲ ಮೂರನೇ ಗಂಟೆಯ ಅಂಕಿಯ ಮೇಲೆ.

ನೋವಿನ ಪರೀಕ್ಷೆ ಇಷ್ಟು ನೇರವಲ್ಲ. ಸುಂಡಿಲಿಯ ಹೊಟ್ಟೆಗೆ ತೆಳು ಅಸಿಟಿಕ್ ಆಸಿಡ್ ಚುಚ್ಚಿದರೆ ಅದು ಹೊಟ್ಟೆ ಎಳೆದುಕೊಂಡು, ಹಿಂಗಾಲು ಚಾಚಿ ನುಲಿಯುತ್ತದೆ. ಎಷ್ಟು ಸಲ ಎಂದು ಎಣಿಸಬೇಕು. ಮೊದಲೇ ಕೊಟ್ಟ ಮದ್ದು ನೋವು ಇಳಿಸಿದ್ದರೆ ನುಲಿಯುವುದು ಕಡಿಮೆಯಾಗುತ್ತದೆ. ನೋಡಲು ಕಷ್ಟವಾಗುತ್ತದೆ, ಅಭ್ಯಾಸವಾಗಬೇಕೆಂದೂ ನನಗೆ ಅನ್ನಿಸುವುದಿಲ್ಲ. ಯಾವ ಇಲಿಗೆ ಯಾವ ಮದ್ದು ಎಂದು ಎಣಿಸುವವರಿಗೆ ಗೊತ್ತಿರಬಾರದು. ಸಿರಿಂಜಿಗೆ ಗೆಳತಿ ಕೋಡ್ ಹಾಕುತ್ತಿದ್ದಳು, ನಾನು ಎಣಿಸುತ್ತಿದ್ದೆ.

ಕೋಡ್ ಬಿಚ್ಚಿದಾಗ ಒಂದು ಸಂಯುಕ್ತ ಡೈಕ್ಲೋಫೆನಾಕ್‌ಗಿಂತ ಮುಂದಿತ್ತು. ಎಲ್ಲರಿಗೂ ಖುಷಿ. ಆದರೆ ಆ ಸುಂಡಿಲಿಗಳು ಮೂಲೆ ಹಿಡಿದು ಕೂತಿದ್ದವು, ಮೂಗು ಕೂಡ ಸರಿಯಾಗಿ ಆಡಿಸುತ್ತಿರಲಿಲ್ಲ. ಮಂಪರು ಬಂದರೂ, ಸ್ನಾಯು ಸಡಿಲವಾದರೂ ನುಲಿಯುವುದು ಕಡಿಮೆಯಾಗುತ್ತದೆ ಅಲ್ವಾ? ರೋಟರಾಡ್ ಇಟ್ಟೆ. ತಿರುಗುವ ಕೋಲಿನ ಮೇಲೆ ನಿಲ್ಲಲು ಮೊದಲೇ ಕಲಿತಿದ್ದ ಸುಂಡಿಲಿಗಳು ಆ ಮದ್ದು ಕೊಟ್ಟ ಮೇಲೆ ಬೇಗ ಬೇಗ ಬಿದ್ದವು. ಅಲ್ಲಿಗೆ ಆ ಅಂಕಿಯನ್ನು ನೋವು ಇಳಿದದ್ದಕ್ಕೆ ಸಾಕ್ಷಿ ಎನ್ನುವಂತಿರಲಿಲ್ಲ.

ಇನ್ನೊಂದು ಸಂಯುಕ್ತ ನುಲಿಯುವ ಪರೀಕ್ಷೆಯಲ್ಲಿ ಸಾಧಾರಣವಾಗಿತ್ತು. ಆದರೆ ಅದನ್ನು ಕೊಟ್ಟ ಸುಂಡಿಲಿಗಳು ಕೋಲಿನ ಮೇಲೆ ಗಟ್ಟಿಯಾಗಿ ನಿಂತವು. ಮೂರನೇ ಗಂಟೆಯ ಬಾವೂ ಇಳಿದಿತ್ತು. ಬಿಸಿ ತಟ್ಟೆಯ ಮೇಲೆ ಬಿಟ್ಟ ಸುಂಡಿಲಿ ಎಷ್ಟು ಹೊತ್ತಿಗೆ ಪಾದ ನೆಕ್ಕುತ್ತದೆ ಅಥವಾ ಜಿಗಿಯುತ್ತದೆ ಎಂದು ನೋಡುವ ಹಾಟ್ ಪ್ಲೇಟ್ ಪರೀಕ್ಷೆಯಲ್ಲಿ ಏನೂ ತೋರಲಿಲ್ಲ, ಅದಕ್ಕೆ ನಾನು ಬೇಸರಪಡಲಿಲ್ಲ. 55 ಡಿಗ್ರಿ ಬಿಸಿಯ ಆ ಪರೀಕ್ಷೆಯಲ್ಲಿ ಮಾರ್ಫಿನ್ ಚೆನ್ನಾಗಿ ಕಾಣುತ್ತದೆ, ಡೈಕ್ಲೋಫೆನಾಕ್ ಜಾತಿಯವು ಅಷ್ಟಾಗಿ ಕಾಣುವುದಿಲ್ಲ. ನನ್ನ ಥೀಸಿಸ್ಸಿನಲ್ಲಿ ಮುಂದಕ್ಕೆ ಒಯ್ಯಬೇಕೆಂದು ಬರೆದದ್ದು ಇದನ್ನೇ.

ಈ ಕೆಲಸ ಶುರು ಮಾಡುವವರಿಗೆ ಒಂದು ಮಾತು. ಕಮಿಟಿಗೆ ಕೊಡುವ ಅರ್ಜಿಯಲ್ಲೇ ರೋಟರಾಡ್ ಸೇರಿಸಿಬಿಡಿ. ಆಮೇಲೆ ಬೇಕೆನಿಸಿದರೆ ಮತ್ತೆ ಒಪ್ಪಿಗೆಗೆ ಕಾಯಬೇಕು.