ಫುಡ್ ಟ್ರಕ್ ತಪಾಸಣೆ: ಬಾಯಿಮಾತು ಬೇಡ, ಅಳತೆ ಇರಲಿ

ಒಂದೇ ಟ್ರಕ್, ಒಂದೇ ಫ್ರಿಜ್. ಬೆಂಗಳೂರಿನ ಒಂದು ಕಡೆ ನಿಂತಾಗ ಬಂದ ಆಹಾರ ಸುರಕ್ಷತಾ ಅಧಿಕಾರಿ ‘ಸರಿ ಇದೆ’ ಎಂದು ಬರೆದು ಹೋದರು. ಹತ್ತು ದಿನ ಬಿಟ್ಟು ಊರಿನ ಇನ್ನೊಂದು ತುದಿಯಲ್ಲಿ ಬಂದವರು ‘ಫ್ರಿಜ್ ತಣ್ಣಗಿಲ್ಲ’ ಎಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಬ್ಬರು ಒಳಗಿನ ಮೂಲೆಯಲ್ಲಿ ಅಳೆದಿದ್ದರು, ಇನ್ನೊಬ್ಬರು ಬಾಗಿಲ ಹತ್ತಿರ. ನಮ್ಮ ಹತ್ತಿರ ತೋರಿಸಲು ಒಂದು ಅಂಕಿಯೂ ಇರಲಿಲ್ಲ. ಟ್ರಕ್ ಜಾಗ ಬದಲಿಸಿದ ಹಾಗೆ ಅಧಿಕಾರಿಯೂ ಬದಲಾಗುತ್ತಾರೆ, ಅಲ್ವಾ? ಎಲ್ಲ ಕಡೆ ಒಂದೇ ನ್ಯಾಯ ಸಿಗಬೇಕಾದರೆ ನಿಮ್ಮ ಕೈಯಲ್ಲೂ ಲೆಕ್ಕ ಇರಬೇಕು.

ಮೊದಲು ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ತಪಾಸಣೆಗೆಂದು ಮಾಡಿರುವ ಚೆಕ್‌ಲಿಸ್ಟ್ ತೆಗೆದುಕೊಳ್ಳಿ. ಕೇಟರಿಂಗ್ ಪಟ್ಟಿಗೆ ಒಟ್ಟು 114 ಅಂಕ. ಅದರಲ್ಲಿ ನಕ್ಷತ್ರ ಗುರುತಿನ ಪ್ರಶ್ನೆಗಳನ್ನು ಮೊದಲು ಓದಿ. ಅವುಗಳಲ್ಲಿ ಒಂದು ತಪ್ಪಿದರೂ, ಉಳಿದದ್ದೆಲ್ಲ ಚೆನ್ನಾಗಿದ್ದರೂ ನೀವು ಫೇಲ್. ತಿಂಗಳಿಗೊಮ್ಮೆ ನಿಮ್ಮ ಟ್ರಕ್‌ಗೆ ಪಕ್ಕದ ಟ್ರಕ್‌ನವರು ಅಂಕ ಹಾಕಲಿ, ಅವರದ್ದಕ್ಕೆ ನೀವು ಹಾಕಿ. ನಮ್ಮ ಗಾಡಿಯ ಕೊಳೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನೋಂದಣಿ ಪತ್ರ, ಅಡುಗೆಯವರ ಆರೋಗ್ಯ ಪ್ರಮಾಣಪತ್ರ, ನೀರಿನ ಪರೀಕ್ಷೆಯ ವರದಿ ಒಂದೇ ಫೈಲಿನಲ್ಲಿರಲಿ.

ಇನ್ನು ಜಾಸ್ತಿ ಜನ ಎಡವುವ ಜಾಗ: ತಾಪಮಾನ. ತಣ್ಣಗಿಡುವ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಬಿಸಿಯಾಗಿಡುವ ಸಸ್ಯಾಹಾರ 65, ಮಾಂಸಾಹಾರ 70 ಡಿಗ್ರಿ. ಅಳೆಯಲು ಕಡ್ಡಿ ಇರುವ ಥರ್ಮಾಮೀಟರನ್ನೇ ಕೊಳ್ಳಿ. ಹಣೆಗೆ ಹಿಡಿಯುವಂಥ ಗನ್ ದಯವಿಟ್ಟು ಬೇಡ. ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಹೊಳೆಯುವ ಸ್ಟೀಲ್ ಪಾತ್ರೆಗೆ ಹಿಡಿದರಂತೂ ಸುಮ್ನೆ ಏನೋ ಒಂದು ಅಂಕಿ ತೋರಿಸುತ್ತದೆ.

ಕಡ್ಡಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿ. ಲೋಟದ ತುಂಬ ಐಸ್ ಪುಡಿ ಹಾಕಿ, ಅದು ಮುಳುಗುವಷ್ಟು ನೀರು ಸುರಿದು ಕಲಕಿ. ತಳಕ್ಕೂ ಅಂಚಿಗೂ ತಾಗದ ಹಾಗೆ ಕಡ್ಡಿ ಇಳಿಸಿ. ಅಂಕಿ ಓಡುವುದು ನಿಂತಾಗ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುವವರು ಒಂದು ಮಾತು ನೆನಪಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನಲ್ಲಾದರೆ 100. ಇದು ಗೊತ್ತಿಲ್ಲದೆ ಒಳ್ಳೆಯ ಥರ್ಮಾಮೀಟರನ್ನು ‘ಕೆಟ್ಟಿದೆ’ ಎಂದು ಎಸೆದವರನ್ನು ನೋಡಿದ್ದೇನೆ.

ಸಾಂಬಾರನ್ನು ಕಲಕಿ, ಪಾತ್ರೆಯ ನಡುವೆ ಅಳೆಯಿರಿ. ಫ್ರಿಜ್‌ನಲ್ಲಿ ಬಾಗಿಲ ಪಕ್ಕ ಒಂದು ಬಾಟಲಿ ನೀರಿಟ್ಟು ಆ ನೀರನ್ನು ಅಳೆಯಿರಿ. ಬಾಗಿಲು ತೆಗೆದ ತಕ್ಷಣ ಒಳಗಿನ ಗಾಳಿ ಬಿಸಿಯಾಗುತ್ತದೆ, ನೀರು ಅಷ್ಟು ಬೇಗ ಆಗುವುದಿಲ್ಲ. ಟ್ರಕ್ ಓಡುವಾಗ ಜನರೇಟರ್ ನಿಲ್ಲಿಸುತ್ತೀರಾ? ಹಾಗಾದರೆ ಜಾಗ ಸೇರಿದ ಕೂಡಲೇ ಅಳೆಯಿರಿ. ದಿನಕ್ಕೆ ನಾಲ್ಕು ಸಲ ಅಳೆದು, ಹೊತ್ತು ಹಾಕಿ ಒಂದು ಪುಸ್ತಕದಲ್ಲಿ ಬರೆಯಿರಿ. ತಿಂಗಳ ಕೊನೆಯಲ್ಲಿ ಕೂತು, ಒಂದೇ ಪೆನ್ನಿನಲ್ಲಿ ಎಲ್ಲ ಸಾಲಿಗೂ ‘4’ ಗೀಚಬೇಡಿ. ಅಂಥ ಪುಸ್ತಕಕ್ಕಿಂತ ಪುಸ್ತಕ ಇಲ್ಲದಿರುವುದೇ ವಾಸಿ.

ಬಣ್ಣದ ಬಿಡಿ ಪೊಟ್ಟಣ ಇದ್ದರೆ ಇವತ್ತೇ ಎಸೆಯಿರಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಅಧಿಕಾರಿ ಬಂದಾಗ ಮೊದಲು ಗುರುತಿನ ಚೀಟಿ ನೋಡಿ. ಆಮೇಲೆ ಅವರ ಥರ್ಮಾಮೀಟರ್, ನಿಮ್ಮದು ಎರಡನ್ನೂ ಅದೇ ಐಸ್ ಲೋಟದಲ್ಲಿ ಇಳಿಸೋಣ ಎಂದು ಮರ್ಯಾದೆಯಿಂದ ಕೇಳಿ. ವಾದ ಅರ್ಧ ಅಲ್ಲೇ ಮುಗಿಯುತ್ತದೆ. ವರದಿಯ ಪ್ರತಿ ಕೇಳಿ ಪಡೆದು ಟ್ರಕ್‌ನಲ್ಲೇ ಇಡಿ. ಮುಂದಿನ ಜಾಗದ ಅಧಿಕಾರಿಗೆ ಅದನ್ನೇ ಮೊದಲು ತೋರಿಸಿ.

ಸ್ಯಾಂಪಲ್ ತೆಗೆದರೆ ಗಾಬರಿ ಬೇಡ. ಅದಕ್ಕೆ ಅವರು ಮಾರಾಟದ ಬೆಲೆ ಕೊಡಬೇಕು. ಸ್ಯಾಂಪಲ್ಲನ್ನು ನಾಲ್ಕು ಭಾಗ ಮಾಡುತ್ತಾರೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಲ್ಯಾಬ್‌ಗೆ ಕಳಿಸಿ ಎಂದು ಕೇಳುವ ಹಕ್ಕು ನಿಮ್ಮದು. ಆಗಲೇ, ಅಲ್ಲೇ, ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಹೇಳಿ ಸುಮ್ಮನಾದವರೇ ಆಮೇಲೆ ಪರದಾಡುವುದು. ಸ್ಯಾಂಪಲ್ ಪರೀಕ್ಷಿಸಿದ ಆಹಾರ ವಿಶ್ಲೇಷಕರ ವರದಿ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನದೊಳಗೆ ಅಂಕಿತ ಅಧಿಕಾರಿಗೆ (ಡೆಸಿಗ್ನೇಟೆಡ್ ಆಫೀಸರ್) ಮೇಲ್ಮನವಿ ಕೊಡಿ.

ಸುಧಾರಣಾ ನೋಟಿಸ್, ಅಂದರೆ ಇಂಥ ತಪ್ಪು ಸರಿಪಡಿಸಿ ಎನ್ನುವ ನೋಟಿಸ್, ಬಂದರೆ ಅದಕ್ಕೆ ಕನಿಷ್ಠ 14 ದಿನ ಕೊಡಲೇಬೇಕು. ಮೊದಲ ದಿನವೇ ಫ್ರಿಜ್ ಮೆಕ್ಯಾನಿಕ್‌ನನ್ನು ಕರೆಸಿ, ರಸೀದಿಯನ್ನು ತಾಪಮಾನದ ಪುಸ್ತಕದ ಅದೇ ದಿನದ ಹಾಳೆಗೆ ಅಂಟಿಸಿಡಿ.